ಮುಂಜಾನೆಯ ಕೆರೆ, ಮಧ್ಯಾಹ್ನದ ಕೆರೆ

ಧಾರವಾಡದ ಕಾಲೇಜೊಂದರಲ್ಲಿ ನಾನು ಪದವಿ ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಪಾಠದೊಳಗೆ ತರಬೇಕೆಂಬ ಸೂಚನೆ ಬಂದ ವರ್ಷ, ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ 17 ಗುರಿಗಳನ್ನು ಎರಡು ತಾಸಿನಲ್ಲಿ ಹೇಳಿ ಮುಗಿಸಿದೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಬರೆದರು, ಅಂಕ ಪಡೆದರು, ಮುಂದಿನ ಸೆಮಿಸ್ಟರಿನ ಹೊತ್ತಿಗೆ ಮರೆತರು. ಅದು ಅವರ ತಪ್ಪಲ್ಲ, ನಾನು ಕಲಿಸಿದ ರೀತಿಯ ತಪ್ಪು.

ಮರುವರ್ಷ ಪ್ರತ್ಯೇಕ ಪಾಠವನ್ನು ಕೈಬಿಟ್ಟು, ನೀರಿನ ಗುಣಮಟ್ಟಕ್ಕೆ ಸಂಬಂಧಿಸಿದ ಉಪಗುರಿ 6.3 ಒಂದನ್ನೇ ಹಿಡಿದೆ. ಆ ಉಪಗುರಿಯಡಿ ಕೆರೆ, ನದಿಗಳ ಸ್ಥಿತಿಯನ್ನು ತಿಳಿಯಲು ಆಮ್ಲಜನಕ, ಲವಣಾಂಶ, ಸಾರಜನಕ, ರಂಜಕ, ಆಮ್ಲೀಯತೆ ಇವುಗಳನ್ನು ಅಳೆಯಬೇಕಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಪ್ರಯೋಗಾಲಯದಲ್ಲಿ ಮೊದಲಿನಿಂದಲೂ ನಡೆಯುತ್ತಿದ್ದ ಪ್ರಯೋಗಗಳೇ ಆಗಿದ್ದವು. ನಲ್ಲಿಯ ನೀರಿನ ಬದಲು ಊರಂಚಿನ ಕೆರೆಯ ನೀರನ್ನು ತರುವುದಷ್ಟೇ ಹೊಸದಾಗಿತ್ತು.

ಕರಗಿದ ಆಮ್ಲಜನಕವನ್ನು ಅಳೆಯಲು ನಾವು ವಿಂಕ್ಲರ್ ವಿಧಾನವನ್ನು ಬಳಸುತ್ತೇವೆ. ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ದಡದಲ್ಲಿಯೇ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಹಾಕಿದರೆ, ಆಮ್ಲಜನಕವಿದ್ದಾಗ ಕಂದು ಬಣ್ಣದ ಗಷ್ಟು ಇಳಿಯುತ್ತದೆ, ಇಲ್ಲದಿದ್ದಾಗ ಅದು ಬೆಳ್ಳಗೇ ಉಳಿಯುತ್ತದೆ. ಬಳಿಕ ಆಮ್ಲ ಸೇರಿಸಿ, ಪಿಷ್ಟದ ದ್ರಾವಣವನ್ನು ಸೂಚಕವಾಗಿಟ್ಟುಕೊಂಡು ಥಯೋಸಲ್ಫೇಟಿನಿಂದ ಟೈಟ್ರೇಷನ್ ಮಾಡಬೇಕು, ಅಂದರೆ ಬಣ್ಣ ಹೋಗುವವರೆಗೆ ಅದನ್ನು ಹನಿಹನಿಯಾಗಿ ಹಾಕಿ, ಖರ್ಚಾದ ಪ್ರಮಾಣದಿಂದ ಆಮ್ಲಜನಕವನ್ನು ಲೆಕ್ಕಹಾಕಬೇಕು. ಮೊದಲ ಸಲ ನಾವು ಹೋದದ್ದು ಮಧ್ಯಾಹ್ನ ಮೂರಕ್ಕೆ, ಏಕೆಂದರೆ ಪ್ರಾಯೋಗಿಕ ತರಗತಿಯ ವೇಳೆ ಅದೇ ಆಗಿತ್ತು. ಗಷ್ಟು ಗಾಢ ಕಂದು ಬಣ್ಣಕ್ಕಿತ್ತು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕೆಂಬ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವನ್ನು ನಮ್ಮ ಅಳತೆ ಸುಲಭವಾಗಿ ದಾಟಿತ್ತು. ಆಮ್ಲಜನಕದ ಮಟ್ಟಿಗೆ ಕೆರೆ ಚೆನ್ನಾಗಿದೆಯೆಂದು ನಾನು ಕಪ್ಪುಹಲಗೆಯ ಮೇಲೆ ಬರೆದೂಬಿಟ್ಟೆ.

ಕೆರೆಯ ಪಕ್ಕದ ಓಣಿಯಲ್ಲಿಯೇ ಮನೆಯಿರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಮುಂಜಾನೆ ಆರಕ್ಕ ಬಂದು ನೋಡ್ರಿ, ದಂಡಿಮ್ಯಾಗ ನಿಂದ್ರಾಕ ಆಗಂಗಿಲ್ಲ, ಅಷ್ಟು ವಾಸನಿ ಬರ್ತೈತಿ" ಎಂದಳು. ಮರುವಾರ ಸೂರ್ಯ ಏಳುವ ಮೊದಲೇ ಹೋಗಿ, ಅದೇ ಜಾಗದ ನೀರನ್ನು ತುಂಬಿಕೊಂಡೆವು. ಗಷ್ಟು ಬಹುತೇಕ ಬೆಳ್ಳಗಿತ್ತು.

ಕಾರಣ ನನಗೆ ತಿಳಿಯದ್ದೇನಲ್ಲ, ಆದರೆ ಪಾಠ ಮಾಡುವಾಗ ಹೊಳೆದಿರಲಿಲ್ಲ. ಚರಂಡಿಯ ನೀರಿನೊಂದಿಗೆ ಬರುವ ಸಾರಜನಕ, ರಂಜಕಗಳನ್ನು ಉಂಡು ಬೆಳೆಯುವ ಪಾಚಿ, ಬಿಸಿಲಿರುವವರೆಗೆ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿಯೂ, ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೂ ಅದನ್ನು ಉಸಿರಾಟಕ್ಕೆ ಬಳಸಿ, ಬೆಳಗಿನ ಹೊತ್ತಿಗೆ ಖಾಲಿ ಮಾಡುತ್ತವೆ. 25 ಡಿಗ್ರಿ ಉಷ್ಣತೆಯ ನೀರು ಗಾಳಿಯಿಂದ ಹೀರಿಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. ಮಧ್ಯಾಹ್ನದ ಅಳತೆ ಅದಕ್ಕಿಂತ ಬಹಳ ಮೇಲಿದ್ದರೆ, ಅದನ್ನು ಕೆರೆಯ ಆರೋಗ್ಯವೆಂದಲ್ಲ, ಪಾಚಿಯ ಅತಿಬೆಳವಣಿಗೆಯ ಗುರುತೆಂದೇ ಓದಬೇಕು. ಆ ದಿನದ ಚರ್ಚೆಯಲ್ಲಿ ವಿದ್ಯಾರ್ಥಿಗಳು ತಾವಾಗಿಯೇ ಒಳಚರಂಡಿಯ ಬಗ್ಗೆ, ಮೀನುಗಾರರ ಬಗ್ಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಮಾತಾಡಿದರು. ಉಳಿದ ಗುರಿಗಳನ್ನು ನಾನು ಹೆಸರಿಸಬೇಕಾಗಲಿಲ್ಲ.

ಈಗ ನಮ್ಮ ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ನೀರು ತುಂಬಿದ ವೇಳೆಗೆ ಪ್ರತ್ಯೇಕ ಅಂಕಣವಿದೆ. ಅದನ್ನು ತುಂಬದಿದ್ದರೆ ಅಂಕ ಕೊಡುವುದಿಲ್ಲ. ಹಾಸ್ಟೆಲಿನ ವಿದ್ಯಾರ್ಥಿನಿಯರಿಗೆ ನಸುಕಿನಲ್ಲಿ ಹೊರಬರಲು ಅನುಮತಿ ಸಿಗುವುದಿಲ್ಲವಾದ್ದರಿಂದ, ಕೆರೆಯ ಓಣಿಯಲ್ಲಿರುವವರು ದಡದಲ್ಲಿಯೇ ರಾಸಾಯನಿಕಗಳನ್ನು ಹಾಕಿ ಬಾಟಲಿ ತರುತ್ತಾರೆ. ಹಾಗೆ ಹಿಡಿದಿಟ್ಟ ಆಮ್ಲಜನಕ ಕೆಲವು ತಾಸು ಬದಲಾಗದೆ ಉಳಿಯುವುದರಿಂದ, ಹತ್ತು ಗಂಟೆಯ ತರಗತಿಯಲ್ಲಿ ಎಲ್ಲರೂ ಸೇರಿ ಟೈಟ್ರೇಷನ್ ಮಾಡುತ್ತೇವೆ.