ಬೊಹೀಮಿಯನ್ ರಾಪ್ಸೊಡಿ ಗ್ರಾಫ್: ಬ್ರಿಟನ್ ಹಾಳೆ ಮುಗಿಯಿತು

ಅಂತೂ ಬ್ರಿಟನ್ನಿನ ಗೆರೆ ಎಳೆದಾಯಿತು. ಕ್ವೀನ್ ಎಂಬ ಬ್ರಿಟಿಷ್ ರಾಕ್ ತಂಡದ ಈ ಒಂದು ಸಿಂಗಲ್ (ಬಿಡಿಯಾಗಿ ಮಾರುವ ಹಾಡಿನ ರೆಕಾರ್ಡ್), ಹೆಚ್ಚು ಮಾರಾಟವಾದ ಹಾಡುಗಳ ವಾರದ ಚಾರ್ಟ್‌ನಲ್ಲಿ ಯಾವ ವಾರ ಎಲ್ಲಿತ್ತು ಅಂತ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಬಂದಿದ್ದೇನೆ. 1 ಮೇಲ್ತುದಿಗೆ, 50 ತಳಕ್ಕೆ. ಆಗ ಅಲ್ಲಿನ ಅಧಿಕೃತ ಪಟ್ಟಿಯಲ್ಲಿ ಇರುತ್ತಿದ್ದದ್ದೇ 50 ಹಾಡು.

ಸಿಂಗಲ್ ಬಿಡುಗಡೆಯಾದದ್ದು 1975ರ ಅಕ್ಟೋಬರ್ 31ರಂದು. ನವೆಂಬರ್ 8ರ ಪಟ್ಟಿಯಲ್ಲಿ 47. ಮರುವಾರ 17, ಆಮೇಲೆ 9, ನವೆಂಬರ್ 29ಕ್ಕೆ 1. ಅಲ್ಲಿಂದ ಒಂಬತ್ತು ವಾರ ಗೆರೆ ಅಲ್ಲಾಡಲಿಲ್ಲ. ಕೊನೆಗೆ ಆ ಜಾಗಕ್ಕೆ ಬಂದದ್ದು ಆಬಾ ತಂಡದ 'ಮಮ್ಮಾ ಮಿಯಾ'.

ಮೊದಲ ನಾಲ್ಕು ಚುಕ್ಕಿಗಳನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಈ ಹಾಡು ಗೆದ್ದದ್ದು ವಿಡಿಯೊದಿಂದ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ವಿಡಿಯೊ ಚಿತ್ರೀಕರಣ ನಡೆದದ್ದು ನವೆಂಬರ್ 10ಕ್ಕೆ. ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್'ನಲ್ಲಿ ಬಂದದ್ದು 20ಕ್ಕೆ. ಅಷ್ಟರಲ್ಲಿ ಹಾಡು ಆಗಲೇ 9ಕ್ಕೆ ಏರಿತ್ತು! ಕೊನೆಯ ಜಿಗಿತದಲ್ಲಿ ವಿಡಿಯೊ ಪಾಲು ಇರಬಹುದು. ಮೊದಲ ಏರಿಕೆ ಮಾತ್ರ ರೇಡಿಯೊದ್ದೇ ಅನ್ನುವುದು ನನ್ನ ನಂಬಿಕೆ. ಹತ್ತಿರ ಹತ್ತಿರ ಆರು ನಿಮಿಷದ ಹಾಡನ್ನು ಯಾವ ರೇಡಿಯೊ ಹಾಕುತ್ತದೆ ಅಂತ ರೆಕಾರ್ಡ್ ಕಂಪನಿಗೇ ಅನುಮಾನವಿತ್ತು. ಲಂಡನ್ನಿನ ಕ್ಯಾಪಿಟಲ್ ರೇಡಿಯೊದಲ್ಲಿ ನಿರೂಪಕ ಕೆನ್ನಿ ಎವರೆಟ್ ಬಿಡುಗಡೆಗೆ ಮೊದಲೇ ಎರಡು ದಿನದಲ್ಲಿ 14 ಸಲ ಹಾಕಿದರು. ಇನ್ನೂ ಬಾರದ ರೆಕಾರ್ಡನ್ನು ಜನ ಅಂಗಡಿಗಳಲ್ಲಿ ಕೇಳತೊಡಗಿದರು. ಅದಕ್ಕೇ ಅಕ್ಟೋಬರ್ ಕೊನೆಯ ಗೀಟಿನ ಪಕ್ಕ ಎವರೆಟ್ ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ಎರಡನೇ ಗುಡ್ಡ 1991ರದ್ದು. ನವೆಂಬರ್ 24ರಂದು ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡರು. ಡಿಸೆಂಬರ್‌ನಲ್ಲಿ ಮತ್ತೆ ಹೊರಬಂದ ಸಿಂಗಲ್ ನೇರವಾಗಿ 1ಕ್ಕೆ ಬಂತು, ಐದು ವಾರ ಅಲ್ಲೇ ನಿಂತಿತು. ಹಣ ಏಡ್ಸ್ ಪೀಡಿತರಿಗಾಗಿ ದುಡಿಯುವ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್‌ಗೆ ಹೋಯಿತು. ಆ ಐದು ಚುಕ್ಕಿಗಳಿಗೆ ಕಪ್ಪು ಬಿಟ್ಟು ಬೇರೆ ಬಣ್ಣ ಹಾಕಲು ಮನಸ್ಸಾಗಲಿಲ್ಲ.

ಮುಂದಿನದು ಅಮೆರಿಕ. ಅದಕ್ಕೆ ಬೇರೆ ಹಾಳೆಯೇ ಬೇಕು. ಆ ವರ್ಷಗಳಲ್ಲಿ ಬ್ರಿಟನ್ನಿನದು ಬರೀ ಮಾರಾಟದ ಲೆಕ್ಕವಾಗಿತ್ತು. ಬಿಲ್‌ಬೋರ್ಡ್ ಹಾಟ್ 100 ಎಂಬ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ರೇಡಿಯೊದಲ್ಲಿ ಎಷ್ಟು ಸಲ ಬಂತು ಅನ್ನುವುದೂ ಸೇರುತ್ತದೆ. ಎರಡು ಗೆರೆಗಳನ್ನು ಸುಮ್ನೆ ಒಂದರ ಮೇಲೊಂದು ಎಳೆದರೆ ನೋಡುವವರಿಗೆ ತಪ್ಪು ಅರ್ಥ ಬರುತ್ತದೆ. ಅಲ್ಲಿ 1976ರಲ್ಲಿ 9ನೇ ಸ್ಥಾನದ ತನಕ ಹೋಗಿತ್ತು. 1992ರಲ್ಲಿ ಈ ಹಾಡನ್ನು ಬಳಸಿಕೊಂಡ 'ವೇಯ್ನ್ಸ್ ವರ್ಲ್ಡ್' ಸಿನಿಮಾ ಬಂದ ಮೇಲೆ 2ಕ್ಕೆ ಬಂತು. ಹಳೆಯ ಗುಡ್ಡಕ್ಕಿಂತ ಹೊಸದೇ ಎತ್ತರ! ಈ ಎರಡು ತುದಿಗಳನ್ನು ಗುರುತಿಸಿದ್ದೇನೆ, ನಡುವಿನ ವಾರಗಳು ಬಾಕಿ ಇವೆ.