1107ರ ಬೆನ್ನು ಹತ್ತಿ ಬೀದರಿಗೆ

ಅಪ್ಪನ ಹಳೆಯ ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿಕೊಂಡು ಬೈಕಿನ ಮೇಲೆ ಕಲಬುರಗಿ ಬಿಟ್ಟೆ. ಬೀದರಿಗೆ ಸುಮಾರು 110 ಕಿಲೋಮೀಟರು. 1107 ಕಿಲೋಹರ್ಟ್ಸ್‌ನ ನಮ್ಮ ಕಲಬುರಗಿ ಆಕಾಶವಾಣಿ ಎಲ್ಲಿಯವರೆಗೆ ಜೊತೆಗೆ ಬರುತ್ತದೆಂದು ನಿಂತು ನಿಂತು ಕೇಳುವ ಆಸೆ ಎಷ್ಟೋ ವರ್ಷದ್ದು.

ಈ ಕೇಂದ್ರ ಶುರುವಾದದ್ದು 1966ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯವರ ಕಿವಿ ಹೈದರಾಬಾದಿನತ್ತ ಇತ್ತು. ನಿಜಾಮರ ಕಾಲದ ಡೆಕ್ಕನ್ ರೇಡಿಯೋ 1950ರಲ್ಲಿ ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಕಲಬುರಗಿಯದೇ ದನಿ ಕೇಳಲು ಮತ್ತೆ 10 ವರ್ಷ ಬೇಕಾಯಿತು. ಕಡಕೋಳ ಮಡಿವಾಳಪ್ಪನವರ ತತ್ವಪದ ನಾನು ಮೊದಲು ಕೇಳಿದ್ದು ಈ ಪೆಟ್ಟಿಗೆಯಲ್ಲೇ, ಅಪ್ಪನ ತೊಡೆಯ ಮೇಲೆ ಕೂತು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಂತಾಗ ದನಿ ಗಂಟೆ ಬಾರಿಸಿದಂತಿತ್ತು. ಹಣ್ಣು ಮಾರುವ ಅಜ್ಜ, "ಕಲಬುರ್ಗಿ ಹಚ್ಚೀದೇನು ತಮ್ಮಾ? ಜರಾ ಜೋರ್ ಮಾಡು" ಎಂದರು. ಹಾಡು ಮುಗಿಯುವವರೆಗೆ ಹಣ್ಣು ತೂಗಲಿಲ್ಲ.

1107 ಕಿಲೋಹರ್ಟ್ಸ್‌ನ ಒಂದೊಂದು ಅಲೆಯೂ ಸುಮಾರು 271 ಮೀಟರ್ ಉದ್ದ. ಎಫ್‌ಎಂನದು ಬರೀ 3 ಮೀಟರ್, ಅದು ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. 1107ರ ಅಲೆ ಹಗಲಲ್ಲಿ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ಹಸಿ ಹಿಡಿದಿಡುವ ಎರೆಮಣ್ಣು ಅದನ್ನು ಚೆನ್ನಾಗಿ ದಾಟಿಸುತ್ತದೆ. ತೊಗರಿ ಬೆಳೆಯುವ ಹೊಲವೇ ನಮ್ಮ ಹಾಡನ್ನೂ ಹೊತ್ತು ತರುತ್ತದೆಂದು ತಿಳಿದ ದಿನ ನನಗಾದ ಸಂತೋಷ ಈಗಲೂ ಹಾಗೇ ಇದೆ.

ಹುಮನಾಬಾದ್ ದಾಟಿತು. ವಿದ್ಯುತ್ ತಂತಿಯ ಕೆಳಗೆ ಬರೀ ಗೊರಗೊರ. ತಂತಿಯಿಂದ ದೂರ ಸರಿದು ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿದರೆ ಮಾತು ಮತ್ತೆ ತಿಳಿಯಾಗುತ್ತಿತ್ತು. ಒಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿಯ ತುದಿ ಕಲಬುರಗಿಯತ್ತ ಇದ್ದರೆ ದನಿ ಸಾಯುತ್ತದೆ, ಅಡ್ಡಲಾಗಿ ಹಿಡಿದರೆ ಏಳುತ್ತದೆ. ಅಪ್ಪ ಪೆಟ್ಟಿಗೆಯನ್ನು ಗೂಡಿನಲ್ಲಿ ಯಾವಾಗಲೂ ಒಂದೇ ಕಡೆಗೆ ಇಡುತ್ತಿದ್ದದ್ದು ಇದಕ್ಕೇ.

ಬೀದರ್ ಹತ್ತಿರವಾದಂತೆ ನೆಲ ಕೆಂಪಾಯಿತು, ದನಿ ತೆಳುವಾಯಿತು. ಸಂಜೆ ಕೋಟೆಯ ಹೊರಗೆ ಕೂತೆ. ಹೊತ್ತು ಮುಳುಗಿದ ಮೇಲೆ ದೂರದ ಕೇಂದ್ರಗಳ ಅಲೆಗಳು ಆಕಾಶದಿಂದ ಮರಳಿ ಇಳಿಯುತ್ತವೆ. ಯಾವುದೋ ಭಾಷೆಯ ಹಾಡು ಮೇಲೆ ಬಂದು ಕೂತಿತು. ಅದರಡಿಯಿಂದ ಒಮ್ಮೆ "ಕಲಬುರಗಿ" ಎಂಬ ಒಂದು ಮಾತು ಸ್ಪಷ್ಟವಾಗಿ ಕೇಳಿತು. ಪೆಟ್ಟಿಗೆ ಅಲುಗಿಸದೆ ಕತ್ತಲಾಗುವವರೆಗೂ ಹಿಡಿದೇ ಕೂತೆ.