ಹಲಸಿನ ಗಿಡ ತರುವ ಮುಂಚೆ ಮಳೆ ಲೆಕ್ಕ ಹಾಕಿ

ಸಕಲೇಶಪುರದ ನಮ್ಮ ಕಡೆ ಹಲಸನ್ನು ಯಾರೂ ಆರಿಸಿ ನೆಟ್ಟವರಲ್ಲ. ಕಾಫಿಗೆ ನೆರಳಿರಲಿ, ಮೆಣಸಿನ ಬಳ್ಳಿ ಹಬ್ಬಲಿ ಅಂತ ಬಿಟ್ಟ ಮರಗಳು. ಹಣ್ಣು ದನಕ್ಕೆ, ಮಂಗಕ್ಕೆ, ಈಗೀಗ ಆನೆಗೆ. ವಾಸನೆ ಹಿಡಿದು ಆನೆ ಬರುತ್ತದೆ ಅಂತ ಎಷ್ಟೋ ಜನ ಎಳೆ ಕಾಯಿ ಇರುವಾಗಲೇ ಕಿತ್ತು ಹಾಕುತ್ತಾರೆ.

2018ರಲ್ಲಿ ಮನೆ ಹಿಂದಿನ ಒಂದೂವರೆ ಎಕರೆಗೆ ಹಲಸು ಹಾಕೋಣ ಅಂತ ಹೊರಟೆ. ಆಗ ಎಲ್ಲರ ಬಾಯಲ್ಲೂ ಸಿದ್ದು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ಮರ, ತಾಮ್ರದ ಬಣ್ಣದ ತೊಳೆ, ಹಣ್ಣು ಸುಮಾರು 2.5 ಕೆಜಿ. ಹದಿನೈದು ಕೆಜಿಯ ಹಣ್ಣನ್ನು ಸ್ಕೂಟರ್‌ನಲ್ಲಿ ಯಾರು ಒಯ್ಯುತ್ತಾರೆ, ಇದು ಚೀಲದಲ್ಲಿ ಹಿಡಿಯುತ್ತದೆ ಅಲ್ವಾ? ಆರು ಕಸಿ ಗಿಡ ತಂದೆ.

ಒಂದನ್ನು ನಾನು ಯೋಚಿಸಿರಲಿಲ್ಲ. ಗುಬ್ಬಿ ಕಡೆಯ ಮಳೆ ಎಲ್ಲಿ, ನಮ್ಮ ಮಳೆ ಎಲ್ಲಿ! ಜೂನ್‌ನಲ್ಲಿ ಜಡಿಮಳೆ ಹಿಡಿದ ಮೇಲೆ ಹಣ್ಣಾದ ಹಲಸು ನಮ್ಮಲ್ಲಿ ನೀರು ಕುಡಿದ ಹಾಗೆ ಸಪ್ಪೆ, ಅದು ಕೆಂಪಿರಲಿ ಹಳದಿಯಿರಲಿ. ನನ್ನ ಗಿಡಗಳ ಮೊದಲ ಹಣ್ಣುಗಳು ಸರಿಯಾಗಿ ಆ ಮಳೆಗೇ ಸಿಕ್ಕಿಕೊಂಡವು. ಬಣ್ಣ ಮಾತ್ರ ಚೆನ್ನಾಗಿತ್ತು.

ಅದೂ ನಾಲ್ಕೇ ಗಿಡದಲ್ಲಿ. ಉಳಿದ ಎರಡು ಅಂಬಲಿ, ಅಂದರೆ ತೊಳೆ ಮೆತ್ತಗೆ ಲೋಳೆಯಾಗುವ ಹಲಸು! ನರ್ಸರಿಯವರು ಮೋಸ ಮಾಡಿದರು ಅಂತ ಬೈದುಕೊಂಡು ಬುಡ ಕೆದಕಿ ನೋಡಿದರೆ, ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ತೊಗಟೆಯೊಳಗೆ ಹೂತುಹೋಗಿದೆ, ಅದರ ಮೇಲೆ ಕಸಿ ಕಡ್ಡಿ ಪೆನ್ಸಿಲ್ ತುಂಡಿನ ಹಾಗೆ ಒಣಗಿ ನಿಂತಿದೆ. ಪಟ್ಟಿಯ ಕೆಳಗೆ ಬೇರುಗಿಡದಿಂದ, ಅಂದರೆ ಕಸಿಗೆ ಬುಡವಾಗಿದ್ದ ಬೀಜದ ಗಿಡದಿಂದ, ಹೊರಟ ಚಿಗುರನ್ನೇ ನಾನು, ಆಹಾ ಎಷ್ಟು ಜೋರಾಗಿ ಬೆಳೀತಿದೆ ಅಂತ, ಗೊಬ್ಬರ ಹಾಕಿ ಸಾಕಿದ್ದೆ. ತಪ್ಪು ಪೂರ್ತಿ ನನ್ನದೇ. ಪಟ್ಟಿ ಬಿಚ್ಚಿ, ಕೆಳಗಿನ ಚಿಗುರು ಮುರಿಯುತ್ತಿರಬೇಕಿತ್ತು.

ಆಮೇಲೆ ಊರಿನ ಮರಗಳನ್ನೇ ಎರಡು ವರ್ಷ ನೋಡುತ್ತಾ ತಿರುಗಿದೆ. ಯಾವುದು ಯಾವಾಗ ಹಣ್ಣಾಗುತ್ತದೆ ಅಂತ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ದೊಡ್ಡಮ್ಮನ ಮನೆ ಕೊಟ್ಟಿಗೆ ಪಕ್ಕದ ಬಕ್ಕೆ (ಗಟ್ಟಿ ತೊಳೆಯ ಹಲಸು) ಮರ ಎರಡೂ ವರ್ಷ ಏಪ್ರಿಲ್ ಕೊನೆಗೇ ಹಣ್ಣು ಕೊಟ್ಟಿತು. ತೊಳೆ ಗರಿಗರಿ, ಮೇಣ ಕಮ್ಮಿ. "ಇದರ ಹಣ್ಣು ಮಳೆಗಾಲ ನೋಡೋದೇ ಇಲ್ಲ ಮಗಾ" ಅಂದರು ದೊಡ್ಡಮ್ಮ. ಇಷ್ಟು ದಿನ ಸುಮ್ನೆ ತಿಂದುಕೊಂಡಿದ್ದೆವು. ಬೀಜ ಕೊಡ್ತೀನಿ ಅಂದರು, ಬೇಡ ಅಂದೆ. ಹಲಸಿನಲ್ಲಿ ಬೇರೆ ಮರದ ಪರಾಗ ಸೇರುವುದೇ ಜಾಸ್ತಿ, ಬೀಜದಿಂದ ತಾಯಿಯಂಥದ್ದೇ ಹಣ್ಣು ಬರುವುದಿಲ್ಲ. ಕಡ್ಡಿ ತಂದು ಕಸಿ ಕಟ್ಟಿಸಿದೆ. ಮುರುಗಲಿಗಂತೂ (ಪುನರ್ಪುಳಿ, ಕೋಕಂ) ಕಸಿಯೇ ಬೇಕು, ಅದರಲ್ಲಿ ಗಂಡು ಮರ ಹೆಣ್ಣು ಮರ ಬೇರೆ ಬೇರೆ, ಬೀಜ ಹಾಕಿ ಕಾದರೆ ಅರ್ಧ ಗಂಡು.

ದೊಡ್ಡಮ್ಮನ ಮರದ ಹದಿನೆಂಟು ಗಿಡಗಳು ಈಗ ಮೂವತ್ತು ಅಡಿಗೊಂದರಂತೆ ಇಳಿಜಾರಿನಲ್ಲಿವೆ, ನೀರು ನಿಂತರೆ ಹಲಸಿನ ಬೇರು ಕೊಳೆಯುತ್ತದೆ. ಆ ಎರಡು ಅಂಬಲಿ ಮರ ಕಡಿಯಲಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ.